ಬಣವಿ ಮುಂದಿನ ಡಬ್ಬಿ

...ಬ್ಯಾಡ್ರಿ ಸಾಹೇಬ್ರ, ಆ ಕತ್ತಿ ಚೀಲದಾಗ ಇಟ್ಕೋರಿ. ಸತ್ತ ಎಮ್ಮಿ ಹೊಟ್ಟಿ ಹರದರ ಅದೇನು ಎದ್ದು ಹಾಲು ಕೊಡತೈತಿ? ದನದ ಡಾಕ್ಟರ ಅಂದಮ್ಯಾಲ ಕೊಯ್ಯಾಕಽ ಬೇಕಂತ ಕಾಯದೆ ಐತೇನು?... ಐತಿ? ಇರಲಿ. ಈ ದೇಶದಾಗ ಕಾಯದೆ ಬಾಳ ಅದಾವ.

ಎಮ್ಮಿ ಬಾಜೂ ಮನಿ ಅಲ್ಲವ್ವಂದು, ಖರೆ ಹುಗಿಯೂ ಹೊಲ ನಂದು. ನಾವು ಜೈನರು. ನಮ್ಮವ್ವ ಕಮಲವ್ವ ನೀರು ಸೋಸಿದ ಮ್ಯಾಲ, ಅರಬ್ಯಾಗಿನ ಹುಳ ಸಾಯಬಾರದಂತ ಆ ಅರಬಿ ತಿರುಗಿ ಬಾವ್ಯಾಗ ಜಾಡಿಸಿ ಬರ್ತಾಳ. ಅಂಥಾಕಿ ಹೊಲದಾಗ ಹೊಟ್ಟಿ ಹರಿಯೂದಂದ್ರ... ಯಾಕ ನಗತೀರಿ? ಹೌದು, ನನಗ ಧರ್ಮದ ಮ್ಯಾಲ ನಂಬಿಗಿ ಇಲ್ಲ. ಧಾರವಾಡದಾಗ ಎಂ.ಎಸ್ಸಿ. ಮಾಡೂಮುಂದ ಅದನ್ನ ಹಾಸ್ಟೆಲ್ಲಿನಾಗಽ ಬಿಟ್ಟು ಬಂದೇನಿ. ಅವ್ವನ ಮ್ಯಾಲ ಐತಿ. ಅಷ್ಟು ಸಾಲದೇನು?

ಅಲ್ಲವ್ವ ಅಂಕಲಗಿಗಿ ಹೋಗ್ಯಾಳ, ಕುಣಿ ತೋಡಾಕ ಪರಪ್ಪನ್ನ ಕರಕೊಂಡು ಬರಾಕ. ಆಕಿ ಬರೂದ್ರೊಳಗ ಬರದು ಬಿಡ್ರಿ. ಹಾವು ಕಡದೈತಿ ಅಂತ ಬರೀರಿ. ಹಾವಿಗೇನು, ಅದು ಬಂದು ತಕರಾರ ಮಾಡೂದಿಲ್ಲ. ಇಲ್ಲಂದ್ರ ಆಕಿ ಮೈದುನ ರಾಜಪ್ಪ ಅದಾನ. ಬದುವಿನ ಜಗಳಕ್ಕ ಯೂರಿಯಾ ತಿನ್ನಿಸ್ಯಾನ ಅಂತಾಳ. ಹೋದ ವಾರ ಮೊದಲಿನ ಎಮ್ಮಿ ಸತ್ತಾಗೂ ಹಂಗಽ ಅಂದಳು. ಇವತ್ತು ಠಾಣೇಕ್ಕ ಹೋಗತೇನಿ ಅಂತಾಳ. ಹೋಗಲಿ. ರಾಜಪ್ಪಗ ಠಾಣೇದ ಬಾಕ ಏನು ಹೊಸಾದಲ್ಲ...

ಹಂಗ್ಯಾಕ ನೋಡತೀರಿ? ನಾ ಏನು ಅವನ ಮ್ಯಾಲ ಹಾಕಾಕತ್ತಿಲ್ಲ. ಆಕಿ ಅಂದದ್ದು ಹೇಳಿದೆ, ಅಷ್ಟಽ.

ಏನಾಗಿತ್ತು ಅಂದ್ರ... ಕಣ್ಣು ಕಾಣಲಾರದಂಗಾತು. ಗ್ವಾಡಿಗಿ ಹಣಿ ಒತ್ತಿ ಹಂಗಽ ನಿಂತಿತು. ಹಲ್ಲು ಕಡಿಯೂದು ನನ್ನ ಕಟ್ಟಿಗಿ ಕೇಳಸತಿತ್ತು. ಯೂರಿಯಾಕ್ಕ ಹಂಗಽ ಆಗತೈತಿ, ಅಲ್ಲೇನು?... ಆಗೂದಿಲ್ಲ? ಕುರುಡಾಗೂದಿಲ್ಲ? ನಿಮಗ ಗೊತ್ತಿರಬೇಕು ಬಿಡ್ರಿ. ನಾ ರಸಾಯನಶಾಸ್ತ್ರ ಓದಿದಾಂವ, ಎಮ್ಮಿ ಓದಿದಾಂವ ಅಲ್ಲ.

ಅತ್ತಾಗ ಏನು ನೋಡತೀರಿ? ಆ ಡಬ್ಬಿ? ಡಾಲ್ಡಾದ ಡಬ್ಬಿ, ದಾರ ಕಟ್ಟಿ ಬಣವಿ ಮುಂದ ಇಳಿಬಿಟ್ಟೇನಿ. ನೀವೂ ಹೊಡದೀರಿ ಅದಕ್ಕ, ಮರತ್ರೇನು? ಕಣಗಲಾದಿಂದ ವರ್ಗ ಆಗಿ ಬಂದ ಹೊಸತರಾಗ! ಮೊದಲನೇ ಏಟಿಗೇ ಡಬ್ಬಿ ಗಿರಕಿ ಹೊಡೀತು, ನೀವು ಸಣ್ಣ ಹುಡುಗರಂಗ ಕುಣದ್ರಿ. 'ಶ್ರೀಪಾಲ, ಇದು ಬಂದೂಕ ಅಲ್ಲೋ, ತೋಫ' ಅಂದ್ರಿ.

ತೋಫಽ ಐತ್ರಿ ಅದು. ಜಾತ್ರ್ಯಾಗ ಪುಗ್ಗಾ ಒಡಿಯೂ ಛರ್ರಾ ಗನ್ ಎಲ್ಲಿ, ಇದು ಎಲ್ಲಿ! ಬೆಳಗಾವಿ ಇಂಟರ್ನೆಟ್ ಸೆಂಟರಿನಾಗ ಚಿತ್ರ ನೋಡಿ, ಗೋಕಾಕದ ಲೇಥಿನವನ ಮುಂದ ಕುಂತು ಮಾಡಿಸೇನಿ. ಎಷ್ಟು ಸಾದಾ ಐತಿ ಅಂತೀರಿ! ಬೆರಳು ಹೋಗೂವಂಥ ನಳಿಗಿ, ಒಂದು ಗಾಳಿ ಟಾಕಿ, ಒಂದು ವಾಲ್ವ್. ಮುಗೀತು. ಮದ್ದಿಲ್ಲ, ಹೊಗಿ ಇಲ್ಲ. ರಟ್ಟಿ ಬೀಳೂತನಕ ಪಂಪ್ ಹೊಡಿ, ಉಸಿರು ಹಿಡಿ, ಕುದರಿ ಎಳಿ... ಧಪ್! ಅಷ್ಟಽ. ಆ ಒಂದು ಗಳಿಗ್ಯಾಗ ಅಂಗಡಿ ಇಲ್ಲ, ಪ್ಯಾಟಿ ಇಲ್ಲ, ಮಂದಿ ಇಲ್ಲ. ಡಬ್ಬಿ ಒಂದಽ. ವಾರೆಲ್ಲಾ ಮೂಡಲಗ್ಯಾಗ ಹಿಂಡಿ, ಬೂಸಾ ಮಾರೂ ಮನಶ್ಯಾಗ ಐತವಾರ ಅಷ್ಟಾದರೂ ಬ್ಯಾಡೇನ್ರಿ?

ಮತ್ತ ಒಂದು ಗುಬ್ಬಿಗಿ ಹೊಡದಿಲ್ಲ ನಾ. ಒಂದು ಇರಿವಿಗಿ ಹೊಡದಿಲ್ಲ! ಕಲ್ಲಿನ ಗ್ವಾಡಿಗಿ ಡಬ್ಬಿ ಕಟ್ಟು ಅಂದ್ರು ಮಂದಿ. ಗುಂಡು ಪುಟಿದು ಅಳಿಲಿಗಿ ಬಡದರ? ಬ್ಯಾಡ ಅಂದೆ. ಮಣ್ಣಿನ ಬದುವಿಗಿ ಹೊಡಿ ಅಂದ್ರು. ಅದರಾಗ ಹುಳ ಅದಾವ, ಇರಿವಿ ಗೂಡ ಐತಿ. ಅದಕ್ಕ ವಿಚಾರ ಮಾಡಿ ಬಣವಿ ಹಿಡದೆ. ಜೋಳದ ಕಣಕಿ, ಆಳೆತ್ತರ. ಯಾರಿಗೂ ತ್ರಾಸಿಲ್ಲ. ಗುಂಡು ಪುಟಿಯೂದಿಲ್ಲ, ಆ ಬಾಜೂ ಹಾಯೂದಿಲ್ಲ. ಎಷ್ಟು ಹೊಡದರೂ ಬಣವಿ ಸುಮ್ಮನ ನುಂಗಿ...

ಇಲ್ಲ, ಏನಿಲ್ಲ. ಚಾ ತರಸಲೇನು?

ಬಣವಿ ಯಾರದು? ಜಾಗಾ ನಂದು, ಕಣಕಿ ಅಲ್ಲವ್ವಂದು. ಆಕಿ ಮನಿ ಮುಂದ ಒಟ್ಟಾಕ ಜಾಗಾ ಇಲ್ಲ, ಇಲ್ಲೇ ಒಟ್ಟವ್ವ ಅಂದೆ. ಉಪಕಾರ ಮಾಡೇನಿ, ಸಾಹೇಬ್ರ. ದಿನಾ ಒಂದೀಟು ಹಿರಕೊಂಡು ಹೋಗತಾಳ, ಮಷಿನ್ನಿಗಿ ಹಾಕಿ ಸಣ್ಣಗ ಕತ್ತರಸತಾಳ, ಎಮ್ಮಿಗಿ ಹಾಕತಾಳ. ಮೊನ್ನೆ ಮಷಿನ್ನಿನ ಬ್ಲೇಡು ಮುಕ್ಕಾತು ಅಂದಳು. ಕಲ್ಲು ಸಿಕ್ಕಿರಬೇಕು ಅಂದೆ... ಕಲ್ಲಽ ಇರಬೇಕು. ಕಣಕ್ಯಾಗ ಕಲ್ಲು ಇರಬಾರದೇನು?

 

ಗುಂಡು ಎದರಲೇ ಮಾಡತೇನಿ ಅಂತ ಯಾಕ ಕೇಳತೀರಿ ಈಗ? ನಿಮ್ಮ ಮುಂದಽ ಎರಕಾ ಹೊಯ್ದೇನಿ. ಟ್ರ್ಯಾಕ್ಟರಿನ ಹಳೇ ಬ್ಯಾಟ್ರ್ಯಾಗಿಂದು... ಹೌದು. ಅದಽ. ಗೊತ್ತಿದ್ದೂ ಕೇಳತೀರಿ. ನನಗೂ ಗೊತ್ತೈತಿ ಅದರ ಗುಣ, ಪರೀಕ್ಷಾದಾಗ ಬರದೇನಿ. ಹಂಗಂತ... ನೋಡ್ರಿ, ನಿಮ್ಮ ಗುಂಡೂ ಅದಾವ ಆ ಬಣವ್ಯಾಗ! ನಾ ಒಬ್ಬಾಂವಽ ಹೊಡದಿಲ್ಲ!... ತಪ್ಪಾತು. ಸಿಟ್ಟಾಗಬ್ಯಾಡ್ರಿ. ಕೈ ಮುಗೀತೇನಿ.

ನಾ ಸುಮ್ಮನ ಕುಂತಿಲ್ಲ ಸಾಹೇಬ್ರ. ಮೊದಲಿನ ಎಮ್ಮಿ ಕುರುಡಾದ ದಿನದಿಂದ ಆಕಿಗಿ ಹೇಳೇ ಹೇಳಾಕತ್ತೇನಿ. ಅಲ್ಲವ್ವಾ, ಕಣಕಿಗಿ ಬೂಷ್ಟ ಬಂದೈತಿ, ಹಾಕಬ್ಯಾಡ. ನನ್ನ ಕಬ್ಬಿನ ವಾಡಿ, ತುದಿ ಎಲಿ, ಹಸರಽ ಐತಿ, ಪುಗಸಟ್ಟೆ ಕೊಯ್ಕೊ. ಆಕಿ ಕಣಕಿ ಮೂಸಿ ನೋಡಿ ನಗತಾಳ. 'ಶ್ರೀಪಾಲಣ್ಣಾ, ನಿನಗ ಬಂದೂಕ ತಿಳೀತೈತಿ, ಮೇವು ತಿಳಿಯೂದಿಲ್ಲ' ಅಂತಾಳ. ಏನು ಹೇಳಲಿ ನಾ?

ಅಕಾ, ಬಂದಳು, ಪರಪ್ಪನ್ನ ಹಿಂದ ಬಿಟ್ಟು, ಮನಿ ಹಾಯ್ದು. ನೆಟ್ಟಗ ದನದ ಕೊಟ್ಟಿಗ್ಗೇ ಹೊಂಟಾಳ. ತಲಿ ಮ್ಯಾಲ ಬುಟ್ಟಿ... ಕತ್ತರಿಸಿದ ಮೇವು. ಉಳದ ಒಂದು ಎಮ್ಮಿ, ಗಬ್ಬದ್ದು. ಅದೊಂದಽ ಐತಿ ಆಕಿಗಿ ಈಗ. ಹೇಳ್ರಿ ಸಾಹೇಬ್ರ, ನೀವು ಡಾಕ್ಟರ, ನಿಮ್ಮ ಮಾತು ಕೇಳತಾಳ. ಬೂಷ್ಟ ಅಂತ ಒಂದು ಮಾತು ಅನ್ರಿ. ನಿಮ್ಮ ಬಾಯಿಂದ ಬಂದ್ರ ನಂಬತಾಳ. ಎಮ್ಮಿ ಉಳೀತೈತಿ, ನಾನೂ ಉಳೀತೇನಿ. ರಾಜಪ್ಪನ ಮಾತು ಆಮ್ಯಾಲ ನೋಡೂನು...

ಬುಟ್ಟಿ ಇಳಸಿದಳು. ಅನ್ರಿ!

ಎಮ್ಮಿ ಕಡೆ ಯಾಕ ನೋಡವಲ್ಲಿರಿ? ನನ್ನ ಮಾರಿ ಯಾಕ ನೋಡತೀರಿ? ಬಂದಾಗಿಂದ ನನ್ನನ್ನಽ ನೋಡಾಕತ್ತೀರಿ. ರಾಜಪ್ಪ ಎಲ್ಲಿ ಅಂತ ಒಮ್ಮೆನೂ ಕೇಳಲಿಲ್ಲ. ಯೂರಿಯಾ ಚೀಲ ಎಲ್ಲಿ ಅಂತ ಕೇಳಲಿಲ್ಲ. ನೀವು... ಮೊದಲಿಂದನೂ...

ಬಾಯಿ ಹಾಕತು. ಸಾಹೇಬ್ರ, ಬಾಯಿ ಹಾಕತು ಅದು!

ಅಲ್ಲವ್ವಾ! ಏ ಅಲ್ಲವ್ವಾ! ಬುಟ್ಟಿ ಜಗ್ಗು ಹಿಂದಕ್ಕ! ಬೂಷ್ಟಲ್ಲ... ಬೂಷ್ಟ ಏನೂ ಬಂದಿಲ್ಲವ್ವ, ರಾಜಪ್ಪ ಏನೂ ಮಾಡಿಲ್ಲ. ಸೀಸ ಐತಿ ಅದರಾಗ, ನನ್ನ ಸೀಸ! ಬಾಯಾಗಿಂದು ಕಸ್ಕೊ ಅಲ್ಲವ್ವಾ, ಕೈ ಹಾಕಿ ಕಸ್ಕೊ!