ನೀಲಿ ಬಳಿದ ಹೂವು

ಒಂದೂರಿನಲ್ಲಿ ಸುಳ್ಳು ಹೇಳಲು ಬಾರದ ಹೂವೊಂದಿತ್ತು ಎಂದು ಅಜ್ಜಿ ಕಥೆ ಶುರುಮಾಡುತ್ತಿದ್ದಳು. ಎಂಬತ್ಮೂರನೇ ಇಸವಿಯಲ್ಲಿ, ಜಗಳೂರಿನ ಬೀಜದ ಗೋದಾಮಿನ ಮುಂದೆ ಸಾಲಿನಲ್ಲಿ ನಿಂತಾಗ ನಾನು ಅದನ್ನು ಕಂಡೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ತಿಪ್ಪಮ್ಮ, ರಸಾಯನದಲ್ಲಿ ಅದ್ದಿ ತಾನೇ ಮಾಡಿ ಗೋದಾಮಿನೊಳಗೆ ತೂಗುಹಾಕಿದ್ದ ಕಾಗದದ ಹೂವನ್ನು ಗೋದಾಮು ನೋಡಿಕೊಳ್ಳುವ ತನ್ನ ಅಣ್ಣ ಓಬಣ್ಣನ ಮುಖಕ್ಕೆ ಹಿಡಿದಿದ್ದಳು.

"ಗಾಳಿ ಒಣಗಿದ್ರೆ ನೀಲಿ, ತೇವ ಆದ್ರೆ ಗುಲಾಬಿ. ಹೇಳಿದ್ನೋ ಇಲ್ವೋ?"

"ನೀಲಿನೇ ಐತಲ್ಲವ್ವ."

"ಹಿಂದೆ ತಿರುಗಿಸಿ ನೋಡು, ಗುಲಾಬಿ. ಮುಂದ್ಗಡೆ ಇಂಕು ಬಳಿದೋರು ಯಾರು?"

"ಸಾಹೇಬ್ರು ನೋಡಾಕೆ ಬರೋರಿದ್ರು..."

"ಜ್ವರ ಬಂದ್ರೆ ಥರ್ಮಾಮೀಟರ್‌ನ ತಣ್ಣೀರಾಗೆ ಅದ್ದಿಡ್ತೀಯಾ?"

"ಮೆಲ್ಲಗೆ ಮಾತಾಡೇ, ಜನ ನಿಂತವ್ರೆ."

"ಈ ಬೀಜ ಬಿತ್ತೋರೇ ಅವರು, ಕೇಳ್ಲಿ. ಬೂಷ್ಟು ಹಿಡಿದ್ರೆ ಶೇಂಗಾ ಮೊಳಿತೈತಾ? ಚೀಲ ಬಿಚ್ಚಿ ಬಿಸಿಲಿಗೆ ಹಾಕ್ತೀನಿ ಅಂತ ಸೋಮವಾರ ಮಾತು ಕೊಟ್ಟೋನು ನೀನು."

"ಹಾಕ್ತೀನಿ ಬಿಡು."

"ಯಾವಾಗ? ಇನ್ನೊಂದು ಹೂವು ಮಾಡಾಕೆ ನನಗೆ ಬರ್ತೈತೆ. ಇನ್ನೊಂದು ಮುಂಗಾರು ಮಾಡಾಕೆ ಬರಾಕಿಲ್ಲ."

ಓಬಣ್ಣ ಒಳಗೆ ಹೋಗಿ ಮೊದಲ ಚೀಲ ಹೊತ್ತು ತಂದ. ಸಾಲಿನಲ್ಲಿದ್ದವರೂ ಕೈಹಾಕಿದರು. ಕೊನೆಯ ಚೀಲದ ಶೇಂಗಾ ಅಂಗಳದ ಬಿಸಿಲಿನಲ್ಲಿ ಹರಡುವವರೆಗೂ ತಿಪ್ಪಮ್ಮ ಅಲ್ಲಿಂದ ಕದಲಲಿಲ್ಲ.