ಜಿಂಕೆ ಮಾಂಸಕ್ಕೆ ಜೋರು ಉರಿ ಆಗದು

ಪ್ರಿಯರೇ, ಸ್ವಲ್ಪ ಇತ್ತ ಕೇಳಿ. ಹೊಟ್ಟೆ ಹಸಿದಿದೆ, ಮನೆಯಲ್ಲಿ ಸಾರು ಆರುತ್ತಿದೆ, ಎಲ್ಲಾ ಗೊತ್ತು. ಹಿಂದಿನ ಸಾಲಿನ ಅಣ್ಣ ಆಗಲೇ ಚಪ್ಪಲಿ ಹುಡುಕುತ್ತಿದ್ದಾರೆ. ಇನ್ನೈದು ನಿಮಿಷ ಕೂತುಕೊಳ್ಳಿ. ಇದೂ ಅಡುಗೆಯ ಕಥೆಯೇ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕಾಡಂಚಿನ ಊರು, ಬೇಟೆಗೆ ತಡೆಯಿಲ್ಲದ ಕಾಲ. ನೋಡಿ, ಯಾರೂ ಆಸೆ ಪಡಬೇಡಿ, ಈಗ ಜಿಂಕೆ ಮುಟ್ಟಿದರೆ ಜೈಲೇ ಗತಿ. ಈ ಮನುಷ್ಯನಿಗೆ ಎಲ್ಲಾ ಇತ್ತು, ಕಾಯುವ ಗುಣ ಒಂದು ಇರಲಿಲ್ಲ. ತಾಯಿ ತೀರಿಕೊಂಡ ದಿನ, ದೂರದೂರಿನಿಂದ ಅಣ್ಣ ಹೊರಟಿದ್ದಾನೆ ಎಂದು ತಿಳಿದೂ ಮಧ್ಯಾಹ್ನಕ್ಕೇ ಮಣ್ಣು ಮಾಡಿ ಮುಗಿಸಿದ. ಅಣ್ಣ ಸಂಜೆ ಬಂದ. ಹಸಿ ಮಣ್ಣು ನೋಡಿದ. ಅಲ್ಲಿಂದಲೇ ತಿರುಗಿ ಹೋದವನು ಏಳು ವರ್ಷ ಮುಖ ತೋರಿಸಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ. ಮುನಿಸಿಕೊಂಡವರು ಒಂದಾಗಬೇಕಾದರೆ ಒಂದೇ ಬೇಟೆಯ ಮಾಂಸವನ್ನು ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಹಿರಿಯವನು ಉಣ್ಣದೆ ಎದ್ದನೋ, ಮುಗಿಯಿತು, ಇನ್ನೆಂದೂ ಕರೆಯುವಂತಿಲ್ಲ. ಶ್ರೀಮಂತ ಊರ ಹಿರಿಯರನ್ನು ಕಾಡಿ ಬೇಡಿ ಅಣ್ಣನನ್ನು ಒಪ್ಪಿಸಿದ. ಆದರೆ ಅಣ್ಣನ ಬಾಯಲ್ಲಿ ಉಳಿದಿದ್ದ ಹಲ್ಲು ಎಷ್ಟು ಗೊತ್ತಾ? ನಾಲ್ಕು.

ಊಟದ ಹಿಂದಿನ ದಿನ ಜಿಂಕೆಯ ಎರಡು ತೊಡೆ ಮನೆಗೆ ಬಂದವು. ಮರುದಿನ ಬೆಳಿಗ್ಗೆ ಶ್ರೀಮಂತ ತಾನೇ ಅಡುಗೆಮನೆಗೆ ನುಗ್ಗಿ, ಕುರಿಮಾಂಸ ಬೇಯಿಸುವ ಹಾಗೆ ಒಂದು ತೊಡೆಯನ್ನು ಒಲೆಗೆ ಏರಿಸಿದ. ಗಟ್ಟಿಯಾಯಿತು, ಸೌದೆ ತುರುಕಿದ. ಇನ್ನೂ ಗಟ್ಟಿಯಾಯಿತು, ಇನ್ನೂ ತುರುಕಿದ. ಕೊನೆಗೆ ಬಾಯಿಗೆ ಹಾಕಿಕೊಂಡರೆ ಚಪ್ಪಲಿಯ ಅಟ್ಟೆ ಅಗಿದ ಹಾಗೆ. ನಾಲ್ಕು ಹಲ್ಲಿನವನು ಇದನ್ನು ಉಣ್ಣುತ್ತಾನೆಯೇ?

ಆ ಮನೆಯ ಅಡುಗೆಯ ಮುದುಕಿ ಇನ್ನೊಂದು ತೊಡೆಯನ್ನು ಹಿಂದಿನ ಸಂಜೆಯೇ ಹುಳಿ ಮೊಸರಲ್ಲಿ ನೆನೆಹಾಕಿ ಇಟ್ಟಿದ್ದಳು. "ಬುದ್ದಿ, ಇದು ಕುರಿಯಲ್ಲ. ಕುರಿ ಮೈಯಾಗೆ ಕೊಬ್ಬೈತೆ, ನಿಮ್ಮ ಉರಿ ತಡ್ಕತದೆ. ಇದು ಹುಟ್ಟಿದಾಗಿಂದ ಹೆದರ್ಕಂಡು ಓಡಿರೋ ಜೀವ. ಜೋರು ಮಾಡಿದಷ್ಟೂ ಬಿಗಿಯಾಯ್ತದೆ," ಎಂದಳು. ಬಿಳಿ ಪೊರೆ ಬಿಡಿಸಿದಳು, ಎಳೆಗೆ ಅಡ್ಡವಾಗಿ ಕೊಯ್ದಳು, ಸ್ವಲ್ಪ ಕುರಿ ಕೊಬ್ಬು ಸೇರಿಸಿ ಮಡಕೆಗೆ ಹಾಕಿದಳು. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಉರಿಯುವ ಸೌದೆಯನ್ನೆಲ್ಲ ಎಳೆದುಹಾಕಿ, ಬರೀ ಕೆಂಡದ ಮೇಲೆ ಕೂರಿಸಿದಳು. ಮೂರು ಗಂಟೆ ಬೇಕು ಎಂದಳು.

ಅಷ್ಟರಲ್ಲಿ ಅಣ್ಣ ಬಂದೇಬಿಟ್ಟ.

ಈಗ ಏನು ಮಾಡುವುದು? ಊಟ ಇಲ್ಲ. ಇಬ್ಬರೂ ಜಗಲಿಯ ಮೇಲೆ ಕೂತರು. ಮೊದಲ ಗಂಟೆ ಮಳೆ, ಬೆಳೆ, ದನಗಳ ವಿಚಾರವಾಯಿತು. ಎರಡನೇ ಗಂಟೆಗೆ ಮಾತು ಮುಗಿಯಿತು. ಆಗ ಅಣ್ಣ ಕೇಳಿದ, "ನನಗೋಸ್ಕರ ಅರ್ಧ ದಿನ ಕಾಯಕ್ಕಾಗ್ನಿಲ್ವೇನ್ಲಾ ನಿಂಗೆ?"

ಶ್ರೀಮಂತನಿಗೆ ಮೈ ಉರಿಯಿತು. ಹೇಳಲು ನೂರು ಕಾರಣ ನಾಲಿಗೆಯ ತುದಿಯಲ್ಲಿದ್ದವು. ಬಿಸಿಲು, ನೆಂಟರು, ಊರಿನವರ ಒತ್ತಾಯ. ಜಗಳವಾಗುವ ಮೊದಲೇ ಬಡಿಸಿಬಿಡೋಣ ಎಂದು ಒಳಗೆ ಓಡಿ ಮುಚ್ಚಳಕ್ಕೆ ಕೈ ಹಾಕಿದ. ಮುದುಕಿ ಕೈ ತಡೆದಳು.

"ಈಗ ತೆಗೆದ್ರೆ ಹಬೆಯೆಲ್ಲ ಹೋಗಿ ಅರೆಬೆಂದಂಗೆ ಉಳೀತದೆ. ಹೋಗಿ ಅವರ ತಾವ ಕೂತ್ಕಳಿ ಬುದ್ದಿ."

ಅವನು ಹೋಗಿ ಕೂತ. ಕಾರಣ ಹೇಳಲಿಲ್ಲ. ಅಣ್ಣ ಬೈದ, ಇವನು ಕೇಳಿದ. ಅವ್ವ ಹೋದ ದಿನ ದಾರಿಯಲ್ಲಿ ಗಾಡಿಯ ಅಚ್ಚು ಮುರಿದು ನಡೆದೇ ಬಂದದ್ದನ್ನು ಹೇಳಿದ, ಕೇಳಿದ. ಅವ್ವನ ಮುಖ ಕನಸಲ್ಲೂ ಸರಿಯಾಗಿ ಕಾಣುವುದಿಲ್ಲ ಎಂದು ಆ ಮುದುಕ ಮಗುವಿನ ಹಾಗೆ ಅತ್ತ, ಅದನ್ನೂ ಕೇಳಿದ. ಜೀವನದಲ್ಲೇ ಮೊದಲ ಸಲ ಒಬ್ಬರ ಮಾತನ್ನು ಪೂರ್ತಿ ಕೇಳಿದ. ಆಮೇಲೆ ಒಂದೇ ಮಾತು ಹೇಳಿದ: "ತಪ್ಪಾಯ್ತು ಕಣಣ್ಣ."

ಮೂರನೇ ಗಂಟೆಗೆ ತಟ್ಟೆ ಬಂತು. ಅಣ್ಣ ಒಂದು ತುಂಡನ್ನು ಬೆರಳಲ್ಲಿ ಒತ್ತಿದ, ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಬಾಯಿಗೆ ಹಾಕಿಕೊಂಡ. ನಿಧಾನವಾಗಿ ನುಂಗಿದ. "ಹಲ್ಲಿದ್ದೋರಿಗೆ ಇದರ ರುಚಿ ಗೊತ್ತಾಗಾಕಿಲ್ಲ," ಎಂದು ನಕ್ಕು ಇನ್ನೊಂದು ತುಂಡನ್ನು ತಮ್ಮನ ಬಾಯಿಗೇ ಇಟ್ಟ.

ಪ್ರಿಯರೇ, ನಾವು ಮನೆಯಲ್ಲಿ ಏನು ಮಾಡುತ್ತಿದ್ದೇವೆ? ಮಗಳು ಕಡಿಮೆ ಅಂಕ ತಂದಳು, ಕೂಗಾಡುತ್ತೇವೆ. ಅವಳು ಬಾಯಿ ಬಿಡುವುದಿಲ್ಲ, ಇನ್ನೂ ಜೋರಾಗಿ ಕೂಗಾಡುತ್ತೇವೆ. ಹೆಂಡತಿ ಒಂದು ಮಾತು ಶುರು ಮಾಡುತ್ತಾಳೆ, ಅರ್ಧಕ್ಕೇ ನಮ್ಮ ಉತ್ತರ ಸಿದ್ಧ. ಆಮೇಲೆ ಅವರ ಮನಸ್ಸು ಕಲ್ಲು ಎಂದು ದೂರುತ್ತೇವೆ. ಕಲ್ಲು ಮಾಡಿದವರು ಯಾರು ಸ್ವಾಮಿ?

ಒಂದೇ ಕೆಲಸ ಹೇಳುತ್ತೇನೆ, ಈ ವಾರವೇ ಮಾಡಿ. ನಿಮ್ಮ ಮೇಲೆ ಮುನಿಸಿಕೊಂಡ ಒಬ್ಬರ ಮುಂದೆ ಹೋಗಿ ಕೂತುಕೊಳ್ಳಿ. ಫೋನ್ ಪಕ್ಕಕ್ಕಿಡಿ. ಅವರು ಮುಗಿಸುವವರೆಗೆ ಒಂದೂ ಸಮಜಾಯಿಷಿ ಕೊಡಬೇಡಿ. ಇದು ಆಗುತ್ತದೆ, ನಂಬಿ, ನಿಮ್ಮಿಂದ ಖಂಡಿತ ಆಗುತ್ತದೆ.

ಈಗ ನಿಮ್ಮ ಎದೆ ಮುಟ್ಟಿಕೊಂಡು ಹೇಳಿ. ಏಳು ವರ್ಷದ ಮೇಲೆ ಬಂದ ಅಣ್ಣ ಎದುರಿಗೆ ಕೂತು ಹಾಗೆ ಕೇಳಿದಾಗ, ಆ ಜಗಲಿಯ ಮೇಲೆ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?