ಏಳನೇ ಮಹಡಿಯ ಆಕ್ಷೇಪ

ಹಲೋ... ಹಲೋ, ಯಾರು ಮಾತಾಡ್ತಿರೋದು? ಲಿಫ್ಟ್ ಕಂಪನಿಯವರಾ?... ನಾನ್ಯಾರು ಅಂತ ಆಮೇಲೆ ಹೇಳ್ತೀನಿ, ಮೊದ್ಲು ಕೇಳಿಸ್ಕೊಳ್ಳಿ. ನಮ್ಮ ಕಟ್ಟಡದ ಲಿಫ್ಟು ಆರಕ್ಕೂ ಏಳಕ್ಕೂ ನಡುವೆ ನಿಂತುಬಿಟ್ಟಿದೆ. ಒಳಗೆ ನಾನೊಬ್ಬನೇ ಇದ್ದೀನಿ. ಬೇಗ ಒಬ್ಬ ಮೆಕ್ಯಾನಿಕ್‌ನ...

...

ಅಕ್ಕಾ?

...

ಅಕ್ಕ, ನಾನು ಕಣೇ, ತಮ್ಮ... ಯಾವ ತಮ್ಮ ಅಂದ್ರೆ? ನಿನಗಿರೋದೇ ಒಬ್ಬ. ಎರಡನೇ ಮಹಡಿ ತಮ್ಮ... ಏನದು, 'ದಯವಿಟ್ಟು ಲೈನಿನಲ್ಲೇ ಇರಿ' ಅಂತ? ನೀನು ಟೆಲಿಫೋನ್ ಎಕ್ಸ್‌ಚೇಂಜ್ ಬಿಟ್ಟು ಆರು ವರ್ಷ ಆಯ್ತು. ಆ ಆಪರೇಟರ್ ದನಿ ನನ್ನ ಹತ್ರ ಬೇಡ.

...

ಈ ಕೆಂಪು ಗುಂಡಿ ಒತ್ತಿದ್ರೆ ನಿನ್ನ ಮನೇಲಿ ಯಾಕೆ ರಿಂಗ್ ಆಗ್ಬೇಕು? ಕಂಪನಿಗೆ... ಹಾಂ. ತಡಿ, ನೆನಪಾಯ್ತು. ಲಿಫ್ಟಿನವರ ಫಾರಂನಲ್ಲಿ 'ಸದಾ ಮನೆಯಲ್ಲೇ ಇರುವವರ ನಂಬರ್' ಅಂತ ಒಂದು ಖಾಲಿ ಜಾಗ ಇತ್ತು. ನಿನ್ನದು ಬರೆದಿದ್ದೆ... ಇಲ್ಲ, ಕೇಳಿರ್ಲಿಲ್ಲ. ಅಕ್ಕನ ನಂಬರು ತಾನೇ, ಕೇಳೋದೇನು ಅಂತ...

...

ಮೊಬೈಲು ಮನೇಲಿ ಚಾರ್ಜಿಗೆ ಹಾಕಿದ್ದೀನಿ. ಇದರಿಂದ ಬೇರೆ ನಂಬರಿಗೆ ಹೋಗಲ್ಲ. ಹತ್ತು ನಿಮಿಷಕ್ಕೆ ತಾನೇ ಕಟ್ ಆಗುತ್ತೆ ಬೇರೆ... ಹೌದು, ನಾನೇ ಹಾಗೆ ಇಡಿಸಿದ್ದು. ಜನ ಸುಮ್ನೆ ಹರಟೆ ಹೊಡೀತಾರೆ ಅಂತ. ನಗಬೇಡ. ಒಂದು ಫೋನ್ ಮಾಡು ಮೆಕ್ಯಾನಿಕ್‌ಗೆ, ಅಷ್ಟೇ.

...

ಬಾಗಿಲು ಬಡಿದ್ರೆ ಯಾರು ಕೇಳ್ತಾರೆ? ಎಲ್ಲಾ ಟೆರೇಸ್‌ನಲ್ಲಿ ಕೂತಿದ್ದಾರೆ, ವಾಚ್‌ಮನ್ ಸಮೇತ. ಮೀಟಿಂಗು. ನಾನು ಹೋಗಿ ಎಲ್ಲರ ಸೈನಿರೋ ಫಾರಂ ಓದ್ಬೇಕು, 'ಲಿಫ್ಟಿನ ಹಾಡಿಗೆ ಇಪ್ಪತ್ನಾಲ್ಕು ಮನೆಯವರದೂ ಆಕ್ಷೇಪ ಇಲ್ಲ' ಅಂತ. ಒಂದೇ ಒಂದು ಆಕ್ಷೇಪ ಬಂದ್ರೂ ಈ ಕಟ್ಟಡದ ಸೆಕ್ರೆಟರಿ ಕೆಲಸ ಬಿಡ್ತೀನಿ ಅಂತ ಬರೆದುಕೊಟ್ಟಿದ್ದೀನಿ, ಗೊತ್ತಲ್ಲ?... ಯಾರೂ ಕೇಳಿರ್ಲಿಲ್ಲ, ನಾನಾಗೇ ಕೊಟ್ಟೆ. ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವನಿಗೆ ಒಂದು ಹಾಡಿನ ತೂಕ ಗೊತ್ತಾಗಲ್ವಾ?

...

ಸುಲಭ ಅಂದ್ಕೊಂಡ್ಯಾ? ಮೊದಲು ಒಂದು ಪ್ರೇಮದ ಹಾಡು ಹಾಕ್ಸಿದ್ದೆ. ನಾಲ್ಕನೇ ಮಹಡಿ ಟೈಲರಮ್ಮ ಅಳತೆ ಟೇಪು ಕತ್ತಲ್ಲೇ ಇಟ್ಕೊಂಡು ಜಗಳಕ್ಕೆ ಬಂದ್ರು. ವಿಚ್ಛೇದನ ಆಗಿ ಹದಿನೈದು ದಿನ ಆಗಿತ್ತಂತೆ, ನನಗೇನು ಗೊತ್ತು? ಸರಿ, ಮಳೆ ಹಾಡು ಹಾಕಿದ್ರೆ ಮೂರನೇ ಮಹಡಿಯವರು, 'ನಮ್ಮ ಬಚ್ಚಲು ಸೋರೋದನ್ನ ಹಾಡಲ್ಲಿ ಆಡ್ಕೊಳ್ತೀರಾ' ಅಂತ. ಚಂದ್ರನ ಹಾಡು ಬಂತು ಅಂದ್ರೆ ಹಲ್ಲಿನ ಡಾಕ್ಟರು ಬೋಳುತಲೆ ಸವರ್ಕೊಂಡು ನನ್ನನ್ನೇ ದುರುಗುಟ್ಕೊಂಡು ನೋಡೋರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ... ಮಾತೇ ಇಲ್ಲದ್ದು? ಹಾಕಿದ್ದೆನಲ್ಲ, ಬರೀ ಕೊಳಲು. ಲೆಕ್ಕದ ಮೇಷ್ಟ್ರು ಬಂದು, 'ಏನೂ ಹೇಳ್ತಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ' ಅಂದ್ರು.

...

ಅದಕ್ಕೇ ಈ ನಾಲ್ಕು ಜನ ಒಟ್ಟಿಗೆ ಹಾಡೋ ತಂಡದ ಹಾಡು ಹುಡುಕಿದ್ದು. ನೋಡಿದ್ದೀಯಲ್ಲ ಅವರನ್ನ ಟೀವೀಲಿ, ತಿಳಿ ಬಣ್ಣದ ಸ್ವೆಟರು, ತಲೆಗೆ ಎಣ್ಣೆ, ಸುಮ್ನೆ ಕೈ ಬೀಸ್ತಾ ನಿಂತಿರ್ತಾರೆ. ಅವರಿಂದ ಇವತ್ತಿನವರೆಗೆ ಯಾರಿಗೂ ನೋವಾಗಿಲ್ಲ. ಎಂಟನೇ ಮಹಡಿಯವರ ನಾಯಿ ಮುಂದೆ ಹಾಕಿ ನೋಡಿದೆ, ಬೊಗಳಲಿಲ್ಲ. ಮಲಗಿಬಿಡ್ತು... ಹಾಂ, ನಾಯಿಗೂ ಫಾರಂ ಸೈನ್ ಮಾಡ್ಸಿದೆ ಅಂತ ಅಣಕಿಸು. ಸಮಯ ಹೋಗ್ತಿದೆ ಅಕ್ಕ. ಮೆಕ್ಯಾನಿಕ್ ನಂಬರ್ ಹೇಳ್ತೀನಿ, ಬರ್ಕೋ.

...

ಮೊದಲು ನಾನು ಕಾರಣ ಹೇಳ್ಬೇಕಾ? ಯಾವುದಕ್ಕೆ ಕಾರಣ? ನಲವತ್ತು ದಿನದಿಂದ ಮಾತು ಬಿಟ್ಟಿರೋಳು ನೀನು. ಎದುರಿಗೆ ಸಿಕ್ಕಿದ್ರೆ ಗೋಡೆ ನೋಡ್ಕೊಂಡು ಹೋಗೋಳು ನೀನು. ಕಾರಣ ನಾನು ಹೇಳ್ಬೇಕಂತೆ.

...

ಹೌದು, ಹಾಡು ಓಡ್ತಾನೇ ಇದೆ. ಲಿಫ್ಟ್ ನಿಂತ್ರೂ ಅದು ನಿಲ್ಲಲ್ಲ. ಬಾಗಿಲು ಮುಚ್ಚಿದಾಗ ಶುರು ಆಗುತ್ತೆ, ಬಾಗಿಲು ತೆಗೆದಾಗ ನಿಲ್ಲುತ್ತೆ, ಅಷ್ಟೇ ಅದಕ್ಕೆ ಗೊತ್ತಿರೋದು... ಪೂರ್ತಿ? ಇಲ್ಲಪ್ಪ, ಪೂರ್ತಿ ನಾನ್ಯಾಕೆ ಕೇಳ್ಲಿ? ನಮ್ಮನೆ ಎರಡನೇ ಮಹಡಿ. 'ಬೆಳಗಾಯ್ತು, ಕಿಟಕಿ ತೆಗಿ' ಅನ್ನೋದ್ರೊಳಗೆ ಇಳಿದುಬಿಡ್ತೀನಿ. ಎಲ್ಲರೂ ಅವರವರ ಮಹಡಿವರೆಗೆ ಕೇಳಿ ಸೈನ್ ಹಾಕಿದ್ದು. ನ್ಯಾಯವಾಗೇ ಇದೆಯಲ್ಲ.

...

ಸರಿ, ಸರಿ. ಕೇಳ್ತೀನಿ. ಸುಮ್ನಿರು ಸ್ವಲ್ಪ, ಈಗ ಮತ್ತೆ ಮೊದಲಿಂದ ಬರ್ತಿದೆ.

...

ಐದನೇ ಮಹಡಿ ಬರೋ ಹೊತ್ತಿಗೆ ಹಾಡಲ್ಲಿ ಬರೀ ಹಕ್ಕಿ ಇದೆ. ಪಾಪದ್ದು... ಈಗ ಆರು... ಏನಿದು? 'ನಿನ್ನಿಂದ ಏನಾಗಬೇಕು, ಮನೆಯಲ್ಲಿರು.' ಹಾಗಂತಾ ಇದೆಯಾ ಇದು?

...

ಅಯ್ಯೋ ಅಕ್ಕ. ನಿಮ್ಮ ಏಳನೇ ಮಹಡೀಲಿ ಬಾಗಿಲು ತೆಗೆಯೋದು ಈ ಸಾಲಿಗೇ. ಅಂದ್ರೆ ದಿನಾ ತರಕಾರಿ ಚೀಲ ಹಿಡ್ಕೊಂಡು ಬಂದಾಗೆಲ್ಲಾ ನಿನ್ನ ಕಿವಿಗೆ ಕೊನೆಗೆ ಬೀಳ್ತಿದ್ದದ್ದು ಇದು... ಅದಕ್ಕೇನಾ ನೀನು ಮೆಟ್ಟಿಲು ಹತ್ತೋದು? ನಾನು ವ್ಯಾಯಾಮ ಅಂದ್ಕೊಂಡಿದ್ದೆ. ಏಳು ಮಹಡಿ, ಆ ಮೊಣಕಾಲು ಇಟ್ಕೊಂಡು. ಮೊನ್ನೆ ನಾಲ್ಕನೇ ಮಹಡೀಲಿ ನೀನು ಕಂಬಿ ಹಿಡ್ಕೊಂಡು ನಿಂತಿದ್ದೆ, ನಾನು ನೋಡಿ, 'ಭೇಷ್, ಈ ವಯಸ್ಸಲ್ಲಿ' ಅಂದ್ಕೊಂಡು ಹೋದೆ. ನನಗೆ ಬುದ್ಧಿ ಇದೆಯಾ?

...

ಇರು, ಇರು, ಇನ್ನೊಂದು ಸಾಲು ಬಂತು. ಕೇಳು, ರಿಸೀವರನ್ನ ಸ್ಪೀಕರ್ ಹತ್ರ ಹಿಡೀತೀನಿ... ಕೇಳಿಸ್ತಾ? 'ಎಂದವರೆಲ್ಲ ಮನೆಯಲಿ, ನಾವು ಬೀದಿಯಲಿ, ಲಾಲಲಾ.' ನೋಡಿದ್ಯಾ? ಬೈದಿದ್ದು ನಿನ್ನನ್ನಲ್ಲ ಕಣೇ. ಹಾಗೆ ಅಂದವರನ್ನೇ ಬೈದಿರೋದು. ಪೂರ್ತಿ ತೂಗಿದ್ರೆ ತಕ್ಕಡಿ ನೆಟ್ಟಗಿದೆ. ನಾನು ಹೇಳ್ಲಿಲ್ವಾ, ಇದು ನಿರಪಾಯ ಹಾಡು ಅಂತ. ಸದ್ಯ, ಮುಗೀತು. ಈಗ ಮೆಕ್ಯಾನಿಕ್‌ಗೆ...

...

ಗೊತ್ತಿತ್ತಾ?

...

ಗೋಡೆಯಿಂದ ಕೇಳುತ್ತಾ? ಎಂಟನೇ ಮಹಡಿಯವರು ಮೇಲೆ ಹೋಗೋವಾಗೆಲ್ಲ, ನೀನು ಒಳಗೆ ಕೂತ್ಕೊಂಡು... ಲಾಲಲಾನೂ? ಹಾಗಾದ್ರೆ ಮತ್ತೆ ಯಾಕೆ ಮೆಟ್ಟಿಲು ಹತ್ತುತ್ತಾ ಇದ್ದೆ?

...

ಫಾರಂ ಇಲ್ಲೇ ಇದೆ, ಕೈಯಲ್ಲೇ... ಹಾಂ, ಏಳನೇ ಮಹಡಿ, ಮೂರನೇ ಮನೆ. ಇದೆಯಲ್ಲ, 'ಆಕ್ಷೇಪ ಇಲ್ಲ', ಪಕ್ಕದಲ್ಲಿ ಸೈನು.

...

ನಿನ್ನದಲ್ಲ. ನಾನೇ ಹಾಕಿದ್ದು.

...

ಅಕ್ಕ ತಾನೇ, ಅವಳಿಗೇನು ಆಕ್ಷೇಪ ಇರುತ್ತೆ ಅಂತ... ಹೌದು, ಇಪ್ಪತ್ಮೂರು ಮನೆಗೆ ಹೋಗಿದ್ದೆ. ನಿನ್ನ ಪಕ್ಕದವರ ಮನೇಲಿ ಅರ್ಧ ಗಂಟೆ ಕೂತಿದ್ದೂ ಹೌದು... ನಾನು ನಕ್ಕಿದ್ದು ನಿನಗೆ ಕೇಳಿಸ್ತಾ ಇತ್ತಾ? ನನ್ನ ನಗು ಸ್ವಲ್ಪ ಜೋರು... ಹಾಂ... ಮುಂದಿನದು ನಿನ್ನ ಮನೆ ಅಂತ ನೀನು ಬಾಗಿಲು ತೆಗೆದಿಟ್ಟಿದ್ದೆ. ಹಾಂ. ಚಹಾ ಮಾಡಿದ್ದೆ.

...

ಕೇಳಿಸ್ಕೊಳ್ತಾ ಇದ್ದೀನಿ ಅಕ್ಕ. ಇಲ್ಲೇ ಇದ್ದೀನಿ, ಎಲ್ಲಿಗೆ ಹೋಗ್ಲಿ... ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗೆ... ಗಾದೆ ಬೇಡ್ವಾ? ಆಯ್ತು, ಬೇಡ. ತಪ್ಪಾಯ್ತು. ಸಿಟ್ಟು ಹಾಡಿನ ಮೇಲೆ ಅಂತ ಬಗೆದು ಲಾಲಲಾವರೆಗೂ ಹೋಗಿಬಂದೆ. ನಿನಗೆ ಸಿಟ್ಟು ಬಂದಿದ್ದು, ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದಿದ್ದು, ನಿನ್ನನ್ನ ಕೇಳದೇ ಹಾಕಿದ ಈ ಸೈನಿಗೆ.

...

ಬೀಪ್ ಅಂತು. ಇನ್ನೊಂದೇ ನಿಮಿಷ ಇರೋದು. ಅಕ್ಕ, ನಿನ್ನ ಸಾಲು ಹೊಡೆದು ಹಾಕ್ತಿದ್ದೀನಿ. ನನ್ನ ಸೈನೂ ಹೊಡೆದೆ. ಈಗ ಕೇಳ್ತೀನಿ, ಎಲ್ಲರನ್ನ ಕೇಳಿದ ಹಾಗೇ. ಲಿಫ್ಟಿನಲ್ಲಿ ಈ ಹಾಡು ಹಾಕೋದಕ್ಕೆ ನಿಮ್ಮದೇನಾದ್ರೂ ಆಕ್ಷೇಪ ಇದೆಯಾ?

...

ಇದೆಯಾ. ಎಷ್ಟು?... ಹದಿನಾಲ್ಕು?

...

ಗೊತ್ತು, ಒಂದಿದ್ರೂ ಕೆಲಸ ಹೋಗುತ್ತೆ. ಹೋಗ್ಲಿ ಬಿಡು. ಹದಿನಾಲ್ಕನ್ನೂ ಬರ್ಕೋತೀನಿ, ಫಾರಂ ಹಿಂದೆ ಜಾಗ ಇದೆ... ಮೆಕ್ಯಾನಿಕ್‌ಗೆ ಆಮೇಲೆ ಮಾಡು. ಇದು ಕಟ್ ಆದ್ರೆ ನಿಮ್ಮ ಮಹಡಿ ಲಿಫ್ಟಿನ ಬಾಗಿಲ ಹತ್ರ ಬಾ, ಸಂದೀಲಿ ಹೇಳಿದ್ರೂ ನನಗೆ ಕೇಳುತ್ತೆ. ನಿಂತ್ಕೊಂಡು ಬೇಡ, ಕುರ್ಚಿ ತಗೊಂಡು ಬಾ. ಆ ಬೆತ್ತದ್ದು ಬೇಡ, ಕೈ ಇರೋದು ತಗೋ, ಏಳೋದಕ್ಕೆ ಸುಲಭ.

...

ಹಾಂ, ಪೆನ್ ಇದೆ. ಒಂದು... ನಿಮ್ಮ ಮಹಡೀಲಿ ಬಾಗಿಲು ಬೇಗ ತೆಗೆಯುತ್ತೆ, ಲಾಲಲಾ ಸಿಗಲ್ಲ. ಬರೆದೆ. ಎರಡು... ಆ ದಿನ ಚಹಾ ಆರಿಹೋಯ್ತು. ಇದು ಹಾಡಿನ ಬಗ್ಗೆ ಅಲ್ಲವಲ್ಲ... ಆಯ್ತು, ಆಯ್ತು, ಬರೀತಿದ್ದೀನಿ. ಎರಡು, ಚಹಾ. ಸಕ್ಕರೆ ಹಾಕಿದ್ಯಾ?... ನನಗೆ ಅಂತ ಎರಡು ಚಮಚ. ಅದನ್ನೂ ಬರೆದೆ. ಹೇಳಕ್ಕ, ಮೂರನೇದು...